ಗೇಮಿನ ಮುಖಚಿತ್ರಕ್ಕೆ ಕೌಲ್‌ಬಜಾರಿನ ಬೋರ್ಡ್ ಪೇಂಟರ್: ಐದಕ್ಕೆ ನಾಲ್ಕು ನಕ್ಷತ್ರ

ಈ ಅಂಗಡಿಗೆ ನಾನು ಮೊದಲು ಹೋದದ್ದು ಗೇಮಿನ ಕೆಲಸಕ್ಕಲ್ಲ. ನಮ್ಮ ಜೀನ್ಸ್ ಯೂನಿಟ್ಟಿನ ಗೇಟಿಗೆ ‘ಇಲ್ಲಿ ಗಾಡಿ ನಿಲ್ಲಿಸಬೇಡಿ’ ಅಂತ ಒಂದು ಬೋರ್ಡು ಬೇಕಿತ್ತು. ಫ್ಲೆಕ್ಸ್ ಹಾಕಿಸಿದರೆ ಬಳ್ಳಾರಿ ಬಿಸಿಲಿಗೆ ಒಂದೇ ಬೇಸಿಗೆಯಲ್ಲಿ ಬಿಳಿಚಿಕೊಳ್ಳುತ್ತದೆ, ತಗಡಿನ ಮೇಲೆ ಬಣ್ಣದಲ್ಲೇ ಬರೆಸು ಅಂದರು ನಮ್ಮ ಮಾಲೀಕರು. ಕೈಯಲ್ಲಿ ಬರೆಯೋರು ಊರಲ್ಲಿ ಇನ್ನೂ ಎಷ್ಟು ಜನ ಉಳಿದಿದ್ದಾರೆ? ಕೇಳುತ್ತಾ ಕೇಳುತ್ತಾ ಕೌಲ್‌ಬಜಾರಿನ ಒಂದು ಒಳರಸ್ತೆಗೆ ಬಂದೆ. ಮುಂದಿನ ಕೋಣೆಯಲ್ಲಿ ಮಗನ ಫ್ಲೆಕ್ಸ್ ಮಷೀನು, ಹಿಂದಿನ ಕೋಣೆಯಲ್ಲಿ ಅಪ್ಪನ ಬ್ರಷ್ಷು, ಟರ್ಪೆಂಟೈನ್ ವಾಸನೆ. ಅಪ್ಪನಿಗೆ ಅರವತ್ತು ದಾಟಿದೆ. ಎಲ್ಲರೂ ಚಾಚಾ ಅನ್ನುತ್ತಾರೆ, ನಾನೂ ಹಾಗೇ ಕರೆದೆ. ಹಿಂದೆ ಟಾಕೀಸುಗಳಿಗೆ ಇಪ್ಪತ್ತಡಿ ಬ್ಯಾನರು ಬರೆದ ಕೈ.

ನನ್ನ ತಲೆಯಲ್ಲಿ ಆಗ ಬೇರೆಯೇ ಚಿಂತೆ ಓಡುತ್ತಿತ್ತು. ಹಗಲೆಲ್ಲ ಯೂನಿಟ್ಟಿನಲ್ಲಿ ಟ್ಯಾಲಿ, ಬಾರ್‌ಕೋಡು, ವಾಷಿಂಗಿಗೆ ಹೋದ ಪ್ಯಾಂಟುಗಳ ಲೆಕ್ಕ. ರಾತ್ರಿ ಊಟವಾದ ಮೇಲೆ ಗೊಡೋ ಅನ್ನುವ, ಗೇಮು ಕಟ್ಟುವ ಸಾಫ್ಟ್‌ವೇರಿನಲ್ಲಿ ಒಂದು ಗೇಮು. ಮೂರು ವರ್ಷದಿಂದ ನಾನೂ ನನ್ನ ತಮ್ಮನೂ ಸೇರಿ ಮಾಡುತ್ತಿದ್ದೇವೆ. ಕೋಡೂ ಚಿತ್ರವೂ ನನ್ನದು, ಸದ್ದು ಅವನದು. ಊರಿನಿಂದ ಸ್ವಲ್ಪ ದೂರಕ್ಕೆ, ಕಪ್ಪಗಲ್ಲು, ಸಂಗನಕಲ್ಲು ಕಡೆ ಹಿರೇಗುಡ್ಡ ಇದೆಯಲ್ಲ, ಅಲ್ಲಿಯ ಕೆಲವು ಕರಿಗುಂಡುಗಳನ್ನು ತಟ್ಟಿದರೆ ಗಂಟೆ ಹೊಡೆದಂತೆ ನಾದ ಬರುತ್ತದೆ. ಡಾಲರೈಟ್ ಅನ್ನುವ ಕಲ್ಲು ಅದು. ನವಶಿಲಾಯುಗದ ಜನ ಅದೇ ಕಲ್ಲುಗಳ ಮೇಲೆ ಉದ್ದ ಕೊಂಬಿನ, ಹಿಣಿಲಿರುವ ಎತ್ತುಗಳನ್ನು ಕುಟ್ಟಿ ಕುಟ್ಟಿ ಬರೆದಿದ್ದಾರೆ. ಕರಿ ಮೇಲ್ಪದರ ಒಡೆದು ಒಳಗಿನ ತಿಳಿಬಣ್ಣ ಕಾಣುತ್ತದೆ, ಅಷ್ಟೇ ಚಿತ್ರ. ನಮ್ಮ ಗೇಮಿನಲ್ಲಿ ದನ ಕಾಯುವ ಒಬ್ಬ ಹುಡುಗಿ ಗುಂಡುಗಳನ್ನು ಒಂದಾದ ಮೇಲೊಂದು ತಟ್ಟುತ್ತಾ, ಕತ್ತಲಾಗುವುದರೊಳಗೆ ದನಗಳನ್ನು ಗುಡ್ಡದಿಂದ ಇಳಿಸಬೇಕು. ಎರಡು ತಾಸಿನ ಆಟ. (ಸದ್ದಿಗಾಗಿ ನಾವು ಚಿತ್ರವಿರುವ ಕಲ್ಲುಗಳನ್ನು ಮುಟ್ಟಿಲ್ಲ. ಚಿತ್ರವಿಲ್ಲದ ಒಂದನ್ನು ಮರದ ತುಂಡಿನಿಂದ ಮೆಲ್ಲಗೆ ತಟ್ಟಿ ರೆಕಾರ್ಡ್ ಮಾಡಿದ್ದು. ನೀವೂ ಹೋದರೆ ದಯವಿಟ್ಟು ಕಲ್ಲು ಎತ್ತಿ ಹೊಡೆಯಬೇಡಿ.)

ಕಂಪ್ಯೂಟರ್ ಗೇಮು ಮಾರುವ ಸ್ಟೀಮ್ ಅನ್ನುವ ಆನ್‌ಲೈನ್ ಅಂಗಡಿಯಲ್ಲಿ ಜಾಗ ಸಿಗಬೇಕೆಂದರೆ ಒಂದು ಗೇಮಿಗೆ ನೂರು ಡಾಲರ್ ಕಟ್ಟಬೇಕು. ಸಾವಿರ ಡಾಲರ್ ವ್ಯಾಪಾರವಾದರೆ ಅದು ವಾಪಸ್ಸು ಬರುತ್ತದೆ, ಇಲ್ಲದಿದ್ದರೆ ಇಲ್ಲ. ಕಟ್ಟಿದೆವು. ಆಮೇಲೆ ಬಂತು ಮುಖಚಿತ್ರದ ಪ್ರಶ್ನೆ. ಅಂಗಡಿಯ ಪಟ್ಟಿಯಲ್ಲಿ ಗೇಮಿನ ಹೆಸರಿನೊಂದಿಗೆ ಕಾಣುವ ಚಿತ್ರದ ತುಂಡಿಗೆ ಅವರು ಕ್ಯಾಪ್ಸೂಲ್ ಅನ್ನುತ್ತಾರೆ. ಕೊಳ್ಳುವವರು ಮೊದಲು ನೋಡುವುದು ಅದನ್ನೇ, ಬಹಳ ಜನ ನೋಡುವುದು ಅದನ್ನಷ್ಟೇ. ಗೇಮಿನೊಳಗಿನ ಪಿಕ್ಸೆಲ್ ಚಿತ್ರವನ್ನು ನಾನು ಹೇಗೋ ಮಾಡಿಕೊಂಡಿದ್ದೆ. ಇದಕ್ಕೆ ಬೇರೆ ಕೈ ಬೇಕು ಅನ್ನಿಸಿ, ಇಂಟರ್ನೆಟ್ಟಿನಲ್ಲಿ ಸಿಕ್ಕ ಒಬ್ಬ ಕಲಾವಿದರಿಗೆ ಹನ್ನೆರಡು ಸಾವಿರ ಕೊಟ್ಟು ಬರೆಸಿದೆ. ಚಿತ್ರ ಸುಂದರವಾಗಿತ್ತು, ಸುಳ್ಳು ಹೇಳಬಾರದು. ಮುಳುಗುವ ಹೊತ್ತಿನ ಗುಡ್ಡ, ನಲವತ್ತು ಗುಂಡು, ಹದಿನಾಲ್ಕು ದನ, ಹುಡುಗಿ, ಚಂದ್ರ, ಹಕ್ಕಿಸಾಲು. ಪೂರ್ತಿ ಪರದೆಯಲ್ಲಿ ನೋಡಿದಾಗ ನಮ್ಮವ್ವ ಕಣ್ಣೀರು ಹಾಕಿದಳು.

ಆದರೆ ಸ್ಟೀಮಿನ ಸಣ್ಣ ಕ್ಯಾಪ್ಸೂಲ್ ಪಟ್ಟಿಯಲ್ಲಿ ಕಾಣುವುದು 231 ಪಿಕ್ಸೆಲ್ ಅಗಲ, 87 ಎತ್ತರಕ್ಕೆ. ಕೆಲವು ಕಡೆ ಇನ್ನೂ ಕುಗ್ಗಿ 120ಕ್ಕೆ 45 ಆಗುತ್ತದೆ. ಸಾಧಾರಣ ಮಾನಿಟರಿನ ಮೇಲೆ ಸ್ಕೇಲಿಟ್ಟು ಅಳೆದೆ: ಮೂರು ಸೆಂಟಿಮೀಟರಿಗಿಂತ ಚೂರು ಹೆಚ್ಚು ಅಗಲ, ಒಂದಕ್ಕಿಂತ ಚೂರು ಹೆಚ್ಚು ಎತ್ತರ. ಅಷ್ಟರೊಳಗೆ ಹದಿನಾಲ್ಕು ದನ.

ಗೇಟಿನ ಬೋರ್ಡಿಗೆ ಅಡ್ವಾನ್ಸ್ ಕೊಡುವಾಗ ನನ್ನ ಫೋನಿನಲ್ಲಿ ಆ ಪಟ್ಟಿ ತೆರೆದೇ ಇತ್ತು. ಚಾಚಾ ಬಗ್ಗಿ ನೋಡಿದರು.

‘ಇದೇನಮ್ಮಾ, ಸೀದಿರೋ ರೊಟ್ಟಿ ಫೋಟೋ ಇಟ್ಕೊಂಡೀಯ?’

‘ನಮ್ಮ ಗೇಮು ಚಾಚಾ. ಅಂಗಡಿಯಾಗ ಇಷ್ಟೇ ಕಾಣೋದು.’

‘ಇಷ್ಟೇ ಕಾಣೋದಾದ್ರ ಅಷ್ಟೆಲ್ಲ ಯಾಕ ಬರೆಸಿದಿ?’

ಹನ್ನೆರಡು ಸಾವಿರದ ಮೇಲೆ ಬಿದ್ದ ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಎರಡು ದಿನ ಬಿಟ್ಟು ಮತ್ತೆ ಹೋದೆ, ಈ ಸಲ ಗೇಮಿನ ಕೆಲಸಕ್ಕೇ. ಐದು ಸಾವಿರಕ್ಕೆ ಮಾತಾಯಿತು.

ಚಾಚಾ ಮೊದಲು ಮಾಡಿದ ಕೆಲಸ, ಕಪಾಟಿನಿಂದ ಒಂದು ಬಿಸ್ಕತ್ ಡಬ್ಬಿ ತೆಗೆದು ನೆಲದ ಮೇಲೆ ಸುರಿದದ್ದು. ಬೆಂಕಿಪೊಟ್ಟಣದ ಚೀಟಿಗಳು! ಹಡಗು, ಹುಲಿ, ಕಮಲ, ಕೀಲಿಕೈ, ಕೋಳಿ. ಒಂದು ಚೀಟಿಗೆ ಒಂದೇ ವಸ್ತು, ಎರಡು ಮೂರು ಬಣ್ಣ, ಸುತ್ತ ಖಾಲಿ. ‘ಓದಾಕ ಬರದೋನೂ ಅಂಗಡಿಗೆ ಬಂದು ಹುಲಿ ಕೊಡು ಅಂತಾನ’ ಅಂದರು. ಮೂರು ವರ್ಷದಲ್ಲಿ ನಾನು ನೋಡಿದ ಎಷ್ಟೋ ಇಂಗ್ಲಿಷ್ ವಿಡಿಯೋಗಳು ಇದನ್ನೇ ಮುಕ್ಕಾಲು ತಾಸು ಹೇಳಿದ್ದವು. ನನ್ನ ಗೇಮನ್ನು ಜನ ಏನು ಕೊಡು ಅಂತ ಕೇಳಬೇಕು ಎಂದು ಮಾತ್ರ ಯಾರೂ ನನ್ನನ್ನು ಕೇಳಿರಲಿಲ್ಲ.

ಹಾಗಂತ ಚಾಚಾ ಮೊದಲ ಸಲಕ್ಕೇ ಸರಿಯಾಗಿ ಬರೆದರು ಅಂದುಕೊಳ್ಳಬೇಡಿ. ಮೊದಲ ಕಚ್ಚಾ ಚಿತ್ರ ನೋಡಿ ನಾನು ನಕ್ಕುಬಿಟ್ಟೆ. ನಮ್ಮ ದನಗಾಹಿ ಹುಡುಗಿ ಸಿನಿಮಾ ಹೀರೋಯಿನ್ನಿನಂತೆ ಅರ್ಧ ಬೋರ್ಡು ತುಂಬಿಕೊಂಡಿದ್ದಳು. ಹಿಂದೆ ಬೆಂಕಿ, ಮೂಲೆಯಲ್ಲಿ ಯಾರೆಂದೇ ಗೊತ್ತಿಲ್ಲದ ಒಬ್ಬ ಮೀಸೆಯ ಖಳ, ಕೆಳಗೆ ಕೆಂಪು ನಕ್ಷತ್ರದೊಳಗೆ ‘ಇಂದೇ ಆಡಿ ಆನಂದಿಸಿ’. ಬ್ಯಾನರಿನ ಕೈ, ಬ್ಯಾನರನ್ನೇ ಬರೆದಿತ್ತು. ಖಳನನ್ನು ತೆಗೆಸುವುದು ಸುಲಭವಾಯಿತು. ನಕ್ಷತ್ರಕ್ಕೆ ಮಾತ್ರ ಜಗಳ. ಸ್ಟೀಮಿನವರು 2022ರ ಸೆಪ್ಟೆಂಬರಿನಿಂದ ಕಟ್ಟುನಿಟ್ಟು ಮಾಡಿದ್ದಾರೆ: ಕ್ಯಾಪ್ಸೂಲಿನ ಮೇಲೆ ಗೇಮಿನ ಚಿತ್ರ, ಗೇಮಿನ ಹೆಸರು, ಅಧಿಕೃತ ಉಪಶೀರ್ಷಿಕೆ ಇದ್ದರೆ ಅದು, ಇಷ್ಟೇ ಇರಬೇಕು. ಹೊಗಳಿಕೆ, ಅಂಕ, ಪ್ರಶಸ್ತಿ, ಡಿಸ್ಕೌಂಟ್ ಮಾತು ಯಾವುದೂ ಕೂಡದು. ದೊಡ್ಡ ಅಪ್‌ಡೇಟ್ ಬಂದಾಗ ಅದರ ವಿಷಯ ತಿಳಿಸಲು ಒಂದು ತಿಂಗಳ ಮಟ್ಟಿಗೆ ಬೇರೆ ಚಿತ್ರ ಹಾಕಬಹುದು. ಅದನ್ನು ಕೇಳಿ ಚಾಚಾ, ‘ಹಂಗಾದ್ರ ಯಶಸ್ವಿ ಎರಡನೇ ವಾರ ಅಂತ ಆಮೇಲೆ ಹಾಕೋಣ’ ಅಂದರು. ಇವತ್ತಿಗೂ ಅದು ಚೇಷ್ಟೆಯೋ ನಿಜವೋ ನನಗೆ ತಿಳಿದಿಲ್ಲ.

ಮಗ ನಡುವೆ ಬಂದು, ಎಐ ಆ್ಯಪಿನಲ್ಲಿ ಎರಡು ನಿಮಿಷಕ್ಕೆ ತೆಗೆದುಕೊಡ್ತೀನಿ ಅಕ್ಕಾ ಅಂದ. ತೆಗೆದೂ ಕೊಟ್ಟ. ಹಿಣಿಲೇ ಇಲ್ಲದ ಸೀಮೆ ಹಸು ಹಸಿರು ಹುಲ್ಲಿನಲ್ಲಿ ನಿಂತಿತ್ತು. ಬಳ್ಳಾರಿಯಲ್ಲಿ! 2024ರ ಜನವರಿಯಿಂದ ಎಐ ಬಳಸಿದ್ದರೆ ಸ್ಟೀಮಿಗೆ ಅದನ್ನೂ ಬರೆದು ತಿಳಿಸಬೇಕು. ಆ ಮಾತು ಅಲ್ಲಿಗೇ ನಿಂತಿತು.

ಈಗ ನಿಜವಾದ ತೊಡಕಿಗೆ ಬರುತ್ತೇನೆ. ನಮ್ಮ ಗೇಮು ಸದ್ದಿನದು. ಸದ್ದನ್ನು ಚಿತ್ರದಲ್ಲಿ ತೋರಿಸುವುದು ಹೇಗೆ? ನಾನು ಗುಂಡಿನ ಮೇಲೆ ಮೂರು ಕಮಾನುಗೆರೆ ಹಾಕಿ ಒಯ್ದೆ. ‘ಇದು ವೈಫೈ’ ಅಂದರು ಚಾಚಾ, ತಲೆಯೆತ್ತಿ ಕೂಡ ನೋಡದೆ. ಹೌದು, ವೈಫೈಯೇ. ಗುಂಡನ್ನು ನಡುಗುವಂತೆ ಎರಡೆರಡು ಗೆರೆಯಲ್ಲಿ ಬರೆದು ನೋಡಿದೆವು. ಸಣ್ಣದು ಮಾಡಿದರೆ ಪ್ರಿಂಟು ಅಲುಗಿದಂತೆ ಕಂಡಿತು. ಒಂದು ವಾರ ಹೀಗೇ ಹೋಯಿತು. ಒಂದು ಸಂಜೆ ಹೋದಾಗ ಹಾರ್ಡ್‌ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ದೊಡ್ಡ ಗುಂಡು, ಬಲಗಡೆ ಒಂದೇ ಒಂದು ಎತ್ತು. ಎತ್ತಿನ ಮೈ ಆಚೆ ಕಡೆ ಹೊರಟಿದೆ, ಕುತ್ತಿಗೆ ಮಾತ್ರ ಹಿಂದಕ್ಕೆ ತಿರುಗಿದೆ, ಒಂದು ಕಿವಿ ನೆಟ್ಟಗೆ ಗುಂಡಿನ ಕಡೆಗೆ. ಸದ್ದು ಎಲ್ಲಿಯೂ ಇಲ್ಲ, ಎತ್ತು ಕೇಳಿಸಿಕೊಂಡಿದೆ. ನಾನು ಸ್ವಲ್ಪ ಹೊತ್ತು ಅಲ್ಲೇ ಸ್ಟೂಲಿನ ಮೇಲೆ ಕೂತೆ. ಐದು ಸಾವಿರ ಇದೊಂದಕ್ಕೇ ಸಂದಾಯವಾಯಿತು ಅನ್ನಿಸಿತು.

ಹೆಸರಿನ ಕಥೆ ಇನ್ನೊಂದು. ಗೇಮಿನ ಮೊದಲ ಹೆಸರು ‘ಕಲ್ಲಿನ ಸೊಲ್ಲು’. ನನಗೆ ಬಹಳ ಇಷ್ಟದ ಹೆಸರು. ಚಾಚಾ ಕಾಗದದ ಮೇಲೆ ಬೆರಳಗಲ ಬರೆದು ತೋರಿಸಿದರು. ಒತ್ತಕ್ಷರ ಕೆಳಗಿಳಿಯುತ್ತದೆ, ಗುಡಿಸು ಮೇಲೇರುತ್ತದೆ. ಎರಡಕ್ಕೂ ಎತ್ತರ ಬಿಟ್ಟರೆ ನಡುವಿನ ಅಕ್ಷರಕ್ಕೆ ಉಳಿಯುವುದು ಅರ್ಧವೇ ಜಾಗ. 45 ಪಿಕ್ಸೆಲ್ ಎತ್ತರದಲ್ಲಿ ಆ ಅರ್ಧವೆಂದರೆ ಎಷ್ಟಾಯಿತು ಲೆಕ್ಕ ಹಾಕಿ. ‘ಬಸ್ಸಿನ ಬೋರ್ಡಿಗಾದ್ರ ಊರಿನ ಹೆಸರು ಬದಲಿಸಾಕ ಬರಲ್ಲಮ್ಮಾ, ನಿಂದು ಬರ್ತದಲ್ಲ? ಒತ್ತಿಲ್ಲದ ಹೆಸರು ತಗೊಂಡು ಬಾ.’ ಮನೆಯಲ್ಲಿ ನಾನೂ ತಮ್ಮನೂ ಮಧ್ಯರಾತ್ರಿವರೆಗೆ ಒತ್ತಿಲ್ಲದ ಮಾತುಗಳನ್ನು ಹುಡುಕಿದೆವು. ಕನ್ನಡದಲ್ಲಿ ಒತ್ತಿಲ್ಲದೆ ಮಾತಾಡಿ ನೋಡಿ, ಎಷ್ಟು ಕಷ್ಟ ತಿಳಿಯುತ್ತದೆ. ಕೊನೆಗೆ ತಮ್ಮನ ಬಾಯಿಂದ ಬಂದದ್ದು ‘ಗಂಟೆಗುಂಡು’.

ಅದನ್ನು ಬರೆಯುವಾಗ ಪಕ್ಕದಲ್ಲೇ ನಿಂತು ನೋಡಿದೆ. ಸುಣ್ಣ ಹಚ್ಚಿದ ದಾರವನ್ನು ಹಾರ್ಡ್‌ಬೋರ್ಡಿನ ಆ ತುದಿಗೆ ಮೊಳೆ ಹೊಡೆದು ಕಟ್ಟಿ, ಈ ತುದಿ ಎಳೆದು, ನಡುವೆ ಎತ್ತಿ ಬಿಟ್ಟರು. ಟಪ್ ಅಂತ ಬಿಳಿ ಗೆರೆ. ಹಾಗೇ ಕೆಳಗೊಂದು. ಎಡಗೈಯಲ್ಲಿ ತುದಿಗೆ ಬಟ್ಟೆ ಸುತ್ತಿದ ಕೋಲು, ಅದರ ಮೇಲೆ ಬಲಗೈ ಊರಿ, ಚಪ್ಪಟೆ ಬ್ರಷ್ಷನ್ನು ಬಣ್ಣದಲ್ಲಿ ಅದ್ದಿ ಡಬ್ಬಿಯ ಅಂಚಿಗೆ ಎರಡು ಸಲ ಒರೆಸಿ, ‘ಗ’ದ ಬೆನ್ನನ್ನು ಒಂದೇ ಉಸಿರಿಗೆ ಎಳೆದರು. ಬ್ರಷ್ಷು ಬೆರಳಿನ ನಡುವೆ ತಾನೇ ತಿರುಗುತ್ತದೆ. ಗುಂಡಾದ ಕಡೆ ಗೆರೆ ದಪ್ಪ, ಮುಗಿಯುವ ಕಡೆ ಸಣ್ಣ. ತಲೆಕಟ್ಟು ಕೊನೆಗೆ. ಆಮೇಲೆ ಬ್ರಷ್ಷು ಬದಲಿಸಿ ಸೊನ್ನೆ. ‘ಗಂ’ ಪಕ್ಕದ ಸೊನ್ನೆಯನ್ನು ಖಾಲಿ ಬಳೆಯಂತೆ ಬರೆಯದೆ ತುಂಬಿಬಿಟ್ಟರು, ಎಡಮೇಲೆ ಒಂದು ತಿಳಿ ಚುಕ್ಕೆಯ ಹೊಳಪು ಇಟ್ಟರು. ಸೊನ್ನೆ ಹೋಗಿ ಗುಂಡಾಯಿತು. ‘ಗುಂ’ ಪಕ್ಕದ್ದೂ ಹಾಗೇ. ಹೆಸರಿನೊಳಗೇ ಎರಡು ಕರಿಗುಂಡು ಕೂತವು. ಮೂರು ವರ್ಷದಿಂದ ಗುಂಡುಗಳ ಜೊತೆಗೇ ಇದ್ದ ನನಗೆ ಇದು ಹೊಳೆದಿರಲಿಲ್ಲ.

ಸ್ಟೀಮಿಗೆ ಮಾತ್ರ ಇಂಗ್ಲಿಷ್ ಅಕ್ಷರದ ಹೆಸರೇ ಹೋಯಿತು, ಕೊಳ್ಳುವವರಲ್ಲಿ ಹೆಚ್ಚಿನವರು ಕನ್ನಡ ಓದುವವರಲ್ಲ. ಅಲ್ಲಿ ಸೊನ್ನೆ ಇಲ್ಲ. ‘ಡಿ’ ಅಕ್ಷರದ ಹೊಟ್ಟೆಯೊಳಗೆ ಗುಂಡು ಕೂರಿಸಿ ಹೇಗೋ ಹೊಂದಿಸಿದರು. ಪರವಾಗಿಲ್ಲ ಅನ್ನಬಹುದು, ಕನ್ನಡದ್ದರ ಸೊಗಸು ಇಲ್ಲ. ಕನ್ನಡದ್ದನ್ನು ಇಚ್ ಡಾಟ್ ಐಒ ಅನ್ನುವ ಇನ್ನೊಂದು ಗೇಮಿನಂಗಡಿಯ ನಮ್ಮ ಪುಟಕ್ಕೆ (ಅಲ್ಲಿ 630ಕ್ಕೆ 500, ಧಾರಾಳ ಜಾಗ) ಮತ್ತು ಗೇಮಿನ ಮೊದಲ ಪರದೆಗೆ ಇಟ್ಟುಕೊಂಡೆ. ಈ ಎರಡನೆಯದು ಮುಖ್ಯ. ಹೊರಗೆ ಎನಾಮೆಲ್ ಬಣ್ಣದ ಚಿತ್ರ ನೋಡಿ ಒಳಗೆ ಬಂದವರಿಗೆ ಪಿಕ್ಸೆಲ್ ಚೌಕಗಳು ಕಂಡರೆ ಮೋಸ ಹೋದೆ ಅನ್ನಿಸಬಾರದಲ್ಲ. ಅದಕ್ಕೇ ಗೇಮಿನೊಳಗಿನ ಅರಿಶಿನ, ಕಾವಿ, ಕಪ್ಪು ಇವನ್ನೇ ಪ್ರಿಂಟ್ ತೆಗೆದು ಕೊಟ್ಟು, ಇದೇ ಬಣ್ಣ ಕಲಸಿ ಚಾಚಾ ಅಂದಿದ್ದೆ. ಕಲಸಿದರು. ಮೊದಲು ಅವರು ಹಾಕಿದ್ದು ಬಾಡಿಗೆ ಗಾಡಿಯ ನಂಬರ್ ಪ್ಲೇಟಿನ ಹಳದಿ. ದೂರಕ್ಕೆ ಕಾಣುತ್ತದೆ, ನಿಜ. ಸ್ಟೀಮಿನ ಪುಟದ ಹಿನ್ನೆಲೆ ಕಡುನೀಲಿಯಾದ್ದರಿಂದ ಕಪ್ಪು ಅಂಚಿನ ಚಿತ್ರ ಅದರೊಳಗೆ ಕರಗಿಹೋಗುತ್ತದೆ, ಹಳದಿ ಎದ್ದು ನಿಲ್ಲುತ್ತದೆ. ಆದರೆ ಆ ಹಳದಿಗೆ ನಮ್ಮ ಗೇಮು ಮಕ್ಕಳ ಎಣಿಕೆ ಕಲಿಸುವ ಆ್ಯಪಿನಂತೆ ಕಂಡಿತು. ಸಂಜೆಯ ಅರಿಶಿನಕ್ಕೆ ಇಳಿಸಿದೆವು.

ಮುಗಿಯಿತು ಅಂದುಕೊಂಡು ಫೋಟೋ ತೆಗೆದು ಯೂನಿಟ್ಟಿಗೆ ಒಯ್ದೆ. ಊಟದ ಹೊತ್ತಿನಲ್ಲಿ ಟೈಲರಿಂಗ್ ವಿಭಾಗದ ಐದು ಜನಕ್ಕೆ, ಒಬ್ಬೊಬ್ಬರಿಗೇ, ಸಣ್ಣ ಗಾತ್ರದಲ್ಲಿ ಎರಡು ಎಣಿಸುವಷ್ಟು ಹೊತ್ತು ತೋರಿಸಿ ಫೋನು ಮುಚ್ಚಿ, ಏನು ಕಂಡಿತು ಅಂತ ಕೇಳಿದೆ. ಮೂವರು ಹೇಳಿದ್ದು ಒಂದೇ ಮಾತು: ‘ರುಬ್ಬೋ ಗುಂಡು.’ ಒಬ್ಬರು ‘ಗ್ರೈಂಡರ್ ಜಾಹೀರಾತಾ ಅಕ್ಕಾ?’ ಅಂದರು. ಗಾತ್ರ ಸಣ್ಣದಾದಾಗ ಎತ್ತು ಬಲ ಅಂಚಿನಲ್ಲಿ ಕಸವಾಗಿ, ಗುಂಡೊಂದೇ ಉಳಿದಿತ್ತು. ಚಾಚಾಗೆ ಹೇಳಲು ಹೆದರಿಕೊಂಡೇ ಹೋದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ, ಒಂದು ಚಹಾ ತರಿಸಿ, ಗುಂಡಿನ ಮೈಮೇಲೆ ತಿಳಿಬಣ್ಣದಲ್ಲಿ ಕಪ್ಪಗಲ್ಲಿನ ಥರದ ಕುಟ್ಟು ಎತ್ತನ್ನು ಬರೆದರು: ಎರಡು ಉದ್ದ ಕೊಂಬು, ಹಿಣಿಲು, ಕಡ್ಡಿಕಾಲು. ನಾಲ್ಕೇ ಎಳೆತ. ಮಾರನೆಯ ದಿನ ಬೇರೆ ಐವರಿಗೆ ತೋರಿಸಿದೆ, ಯಾರೂ ಚಟ್ನಿ ನೆನೆಯಲಿಲ್ಲ. ನಮ್ಮಂಥವರು ಯಾರಾದರೂ ಓದುತ್ತಿದ್ದರೆ ಈ ಪರೀಕ್ಷೆ ಮಾಡಿ. ಗೇಮ್ ಆಡುವವರಿಗೆ ತೋರಿಸಬೇಡಿ, ಅವರು ಗಂಟಲಲ್ಲೇ ಹೊಗಳಿಕೆ ಇಟ್ಟುಕೊಂಡಿರುತ್ತಾರೆ.

ಇಷ್ಟು ಹೊಗಳಿದ ಮೇಲೆ ಐದರಲ್ಲಿ ಒಂದು ನಕ್ಷತ್ರ ಯಾಕೆ ಕಿತ್ತೆ ಅನ್ನುವುದನ್ನೂ ಹೇಳಬೇಕು.

ಮೊದಲನೆಯದು, ತಡ. ಹದಿನೈದು ದಿನ ಅಂದದ್ದು ಏಳು ವಾರವಾಯಿತು. ನಡುವೆ ಕನಕ ದುರ್ಗಮ್ಮನ ಸಿಡಿಬಂಡಿ ಜಾತ್ರೆ ಬಂತು. ಆ ಹೊತ್ತಿಗೆ ಊರಿನ ಎಲ್ಲ ಸಂಘಗಳಿಗೂ ಶುಭಾಶಯದ ಬ್ಯಾನರು ಬೇಕು, ಎಲ್ಲರ ಫೋಟೋವೂ ಅದರಲ್ಲಿ ಬೇಕು. ನನ್ನ ಎತ್ತು ಹತ್ತು ದಿನ ಮೂಲೆಯಲ್ಲಿ ಬಟ್ಟೆ ಹೊದ್ದು ನಿಂತಿತ್ತು. ಫೋನು ಮಾಡಿದರೆ ‘ಒಣಗ್ತಾ ಐತಮ್ಮಾ’. ಎನಾಮೆಲ್ ಹತ್ತು ದಿನ ಒಣಗುವುದಿಲ್ಲ ಅಂತ ನನಗೂ ಗೊತ್ತು. ಬರಲಿರುವ ಗೇಮುಗಳ ಡೆಮೊಗಳಿಗೆಂದೇ ಸ್ಟೀಮಿನವರು ನಡೆಸುವ ಜೂನಿನ ನೆಕ್ಸ್ಟ್ ಫೆಸ್ಟಿಗೆ ನಮ್ಮ ಡೆಮೊ ಹಾಕುವ ಯೋಚನೆಯಿತ್ತು. ಸ್ಟೋರ್ ಪುಟ ಪರಿಶೀಲನೆಗೆ ಕಳಿಸಿದರೆ ಅವರು ಮೂರರಿಂದ ಐದು ಕೆಲಸದ ದಿನ ತೆಗೆದುಕೊಳ್ಳುತ್ತಾರೆ, ಪುಟವು ಗೇಮಿನ ಬಿಡುಗಡೆಗೆ ಕಡಿಮೆಯೆಂದರೂ ಎರಡು ವಾರ ಮೊದಲೇ ಎಲ್ಲರಿಗೂ ಕಾಣುವಂತಿರಬೇಕು. ಈ ಲೆಕ್ಕವನ್ನೆಲ್ಲ ನಾನು ಚಾಚಾಗೆ ಹೇಳಿದೆ. ಅಮಾವಾಸ್ಯೆ ಹುಣ್ಣಿಮೆ ಲೆಕ್ಕದಂತೆ ತಲೆಯಾಡಿಸಿದರು.

ಎರಡನೆಯದರಲ್ಲಿ ನನ್ನದೂ ಪಾಲಿದೆ. ನಾನು ಮೊದಲ ದಿನ ಒಂದೇ ಅಳತೆ ಹೇಳಿದ್ದೆ, ಅಡ್ಡ ಬೋರ್ಡು ಅಂತ. ಸ್ಟೀಮಿಗೆ ಬೇಕಾದದ್ದು ಒಂದಲ್ಲ. ಹೆಡರ್ 920ಕ್ಕೆ 430, ಸಣ್ಣದು 462ಕ್ಕೆ 174 (ಇದು ಕಳಿಸುವ ಅಳತೆ, ಪಟ್ಟಿಯಲ್ಲಿ ಕಾಣುವುದು ಇದರ ಅರ್ಧ), ಮುಖ್ಯ ಕ್ಯಾಪ್ಸೂಲು 1232ಕ್ಕೆ 706, ನಿಲುವಿನದು 748ಕ್ಕೆ 896, ಕೊಂಡವರ ಗೇಮುಗಳು ಕೂತಿರುವ ಲೈಬ್ರರಿಗೆ 600ಕ್ಕೆ 900. ಇವಲ್ಲದೆ ಲೈಬ್ರರಿಯ ಮೇಲ್ಗಡೆ ಹರಡುವ 3840ಕ್ಕೆ 1240ರ ದೊಡ್ಡ ಪಟ್ಟಿ, ಅದರ ಮೇಲೆ ಒಂದಕ್ಷರವೂ ಇರಕೂಡದು. ಹೆಸರನ್ನು ಹಿನ್ನೆಲೆಯಿಲ್ಲದೆ ಬೇರೆ ಫೈಲಾಗಿ ಕೊಡಬೇಕು. ಚಾಚಾ ಅಕ್ಷರವನ್ನು ಗುಂಡಿನ ಮೇಲೆಯೇ ಬರೆದು ಮುಗಿಸಿಬಿಟ್ಟಿದ್ದರು. ಅಡ್ಡ ಚಿತ್ರವನ್ನು ನಿಲುವಿಗೆ ಕತ್ತರಿಸಿದರೆ ಒಂದೋ ಎತ್ತಿನ ಹಿಂಭಾಗ, ಇಲ್ಲವೇ ಅರ್ಧ ಹೆಸರು. ಮತ್ತೆ ಗುಂಡು ಬೇರೆ, ಎತ್ತು ಬೇರೆ, ಹೆಸರು ಬೇರೆ, ಮೂರು ಹಾಳೆಯ ಮೇಲೆ ಬರೆಸಬೇಕಾಯಿತು. ಅದಕ್ಕೆ ಸಾವಿರದ ಐನೂರು ಹೆಚ್ಚು. ನ್ಯಾಯವಾದ ದುಡ್ಡೇ. ಮೊದಲ ದಿನವೇ ಅಳತೆಗಳ ಪಟ್ಟಿ ಬರೆದು ಗೋಡೆಗೆ ಅಂಟಿಸಿ ಬಂದಿದ್ದರೆ ಉಳಿಯುತ್ತಿತ್ತು. ಸಣ್ಣ ಕ್ಯಾಪ್ಸೂಲಿಗೆ ಈಗ ಎತ್ತು ಇಲ್ಲವೇ ಇಲ್ಲ, ಅಂಚಿನಿಂದ ಅಂಚಿಗೆ ಹೆಸರು, ಹಿಂದೆ ಗುಂಡಿನ ಒಂದು ಬದಿ. ಹೆಸರೇ ಅಲ್ಲಿ ಹೆಚ್ಚುಕಮ್ಮಿ ಎಲ್ಲ ಜಾಗ ತುಂಬಬೇಕು ಅಂತ ಸ್ಟೀಮಿನವರೂ ಹೇಳುತ್ತಾರೆ.

ಮೂರನೆಯದು ಪೂರ್ತಿ ಅಂಗಡಿಯದು. ಬೋರ್ಡಿನ ಚಿತ್ರ ಕಂಪ್ಯೂಟರಿಗೆ ಹೋಗುವ ದಾರಿಯಲ್ಲಿ ಮೂರು ಕಡೆ ಗಾಯವಾಯಿತು. ಎನಾಮೆಲ್ ಹೊಳೆಯುತ್ತದೆ, ಟ್ಯೂಬ್‌ಲೈಟಿನ ಕೆಳಗೆ ಫೋನಿನಲ್ಲಿ ತೆಗೆದ ಫೋಟೋದಲ್ಲಿ ಗುಂಡಿನ ಮೇಲೆ ಟ್ಯೂಬ್‌ಲೈಟೇ ಕಂಡಿತು. ಮಗ ಅದನ್ನು ಕೋರಲ್‌ಡ್ರಾದಲ್ಲಿ ತೆರೆದು ಫ್ಲೆಕ್ಸಿಗೆ ಮಾಡುವ ಅಭ್ಯಾಸದಂತೆ ಸಿಎಂವೈಕೆಗೆ ತಿರುಗಿಸಿದ. ಪ್ರಿಂಟಿನ ಬಣ್ಣದ ಲೆಕ್ಕ ಅದು, ಪರದೆಯದು ಆರ್‌ಜಿಬಿ. ಅರಿಶಿನ ಹೋಗಿ ಇಟ್ಟಿಗೆಯಾಯಿತು. ಕೊನೆಗೆ ವಾಟ್ಸಾಪಿನಲ್ಲಿ ಫೋಟೋ ಅಂತಲೇ ಕಳಿಸಿದ, ಅದು ಹಿಂಡಿ ಹಿಪ್ಪೆ ಮಾಡಿ ಕೊಟ್ಟಿತು. ಡಾಕ್ಯುಮೆಂಟ್ ಅಂತ ಕಳಿಸಪ್ಪಾ ಅಂತ ಮೂರು ಸಲ ಹೇಳಿದ್ದೇನೆ. ಕಡೆಗೆ ಪರಿಚಯದ ಸ್ಟುಡಿಯೋದವರನ್ನು ಕರೆದುಕೊಂಡು ಬಂದು, ಬೆಳಗ್ಗೆ ಬಿಸಿಲು ಬರುವ ಮೊದಲು ಬೋರ್ಡನ್ನು ಅಂಗಡಿಯ ಹೊರಗೆ ನೆರಳಿನಲ್ಲಿ ನಿಲ್ಲಿಸಿ, ಫ್ಲಾಶಿಲ್ಲದೆ ತೆಗೆಸಿದೆ. ಐನೂರು ರೂಪಾಯಿ. ಅಲ್ಲಿಂದ ಕತ್ತರಿಸಿ ಹೊಂದಿಸುವುದೆಲ್ಲ ನಾನೇ ಮಾಡಿಕೊಂಡೆ. ನಿಮಗೆ ಆ ಕೆಲಸ ಬರದಿದ್ದರೆ ಈ ಅಂಗಡಿ ಸಾಲದು, ಫೈಲ್ ತಯಾರಿಸಿ ಕೊಡುವ ಇನ್ನೊಬ್ಬರು ಬೇಕು. ಕನ್ನಡ ಅಕ್ಷರವನ್ನು ಕಂಪ್ಯೂಟರಿನಲ್ಲೇ ಹಾಕಿಸುವ ಯೋಚನೆಯಿದ್ದರೆ ಬಿಡಿ. ಅವರಲ್ಲಿರುವುದು ಹಳೆಯ ನುಡಿ ಫಾಂಟು, ನಾನು ಯೂನಿಕೋಡಿನಲ್ಲಿ ಟೈಪ್ ಮಾಡಿ ಒಯ್ದದ್ದು ಅಲ್ಲಿ ಚೌಕ ಚೌಕವಾಗಿ ಕಂಡಿತು.

ಒಟ್ಟು ಏಳು ಸಾವಿರ. ಮೊದಲಿನ ಹನ್ನೆರಡು ಸಾವಿರದ ಗುಡ್ಡ ಈಗ ನಮ್ಮ ಮನೆಯ ನಡುಮನೆಯಲ್ಲಿ ಚೌಕಟ್ಟು ಹಾಕಿಸಿಕೊಂಡು ಕೂತಿದೆ. ಅವ್ವ ಅದನ್ನು ಕೊಡುವುದಿಲ್ಲ. ಪುಟ ಬದಲಿಸಿದ ಮೇಲೆ ಪಟ್ಟಿಯಲ್ಲಿ ನೋಡಿದವರಲ್ಲಿ ಒತ್ತಿ ಒಳಗೆ ಬಂದವರು ಹೆಚ್ಚಾದದ್ದು ನಿಜ, ಸ್ಟೀಮಿನ ಲೆಕ್ಕದ ಪುಟದಲ್ಲಿ ಅದು ಕಾಣುತ್ತದೆ. ಆದರೆ ಅದೇ ವಾರ ನಾನು ಗೇಮು ಯಾವ ಥರದ್ದು ಅಂತ ಹೇಳುವ ಟ್ಯಾಗುಗಳನ್ನೂ ಬದಲಿಸಿದ್ದೆ, ಹಾಗಾಗಿ ಪೂರ್ತಿ ಶ್ರೇಯಸ್ಸು ಎತ್ತಿಗೇ ಕೊಟ್ಟರೆ ತಪ್ಪಾದೀತು. ಡಂಗುರ ಸಾರುವಷ್ಟು ಜನ ಇನ್ನೂ ಬರುತ್ತಲೂ ಇಲ್ಲ.

ಯಾರು ಹೋಗಬಹುದು? ನಿಮ್ಮ ಗೇಮಿನಲ್ಲಿ ತೋರಿಸಲು ಒಂದು ವಸ್ತು ಇದ್ದರೆ ಹೋಗಿ. ಸೈನ್ಯ, ಅಂತರಿಕ್ಷ ನೌಕೆ, ಜಪಾನಿ ಅನಿಮೆ ಥರದ ಮುಖ ಬೇಕಿದ್ದರೆ ಹೋಗಬೇಡಿ, ಎಲ್ಲರಿಗೂ ಮೀಸೆ ಬರುತ್ತದೆ. ಗಡುವು ಹತ್ತಿರವಿದ್ದರೂ ಹೋಗಬೇಡಿ. ಬೆಳಗ್ಗೆ ಹನ್ನೊಂದರ ಮೊದಲು ಚಾಚಾ ಸಿಗುವುದಿಲ್ಲ, ಶುಕ್ರವಾರ ಮಧ್ಯಾಹ್ನ ನಮಾಜಿಗೆ ಬಾಗಿಲು ಹಾಕಿರುತ್ತದೆ. ಮಾತು ಮಗನೊಂದಿಗೆ ಬೇಡ, ನೇರ ಹಿಂದಿನ ಕೋಣೆಗೆ ಹೋಗಿ. ಅಳತೆಯ ಚೀಟಿ ಮರೆಯಬೇಡಿ.

ಅಂದಹಾಗೆ, ಗೇಟಿನ ‘ಇಲ್ಲಿ ಗಾಡಿ ನಿಲ್ಲಿಸಬೇಡಿ’ ಬೋರ್ಡು ಇನ್ನೂ ಬಂದಿಲ್ಲ. ಮೊನ್ನೆ ಫೋನು ಮಾಡಿದೆ. ಒಣಗುತ್ತಾ ಇದೆಯಂತೆ.